ನಿಮಗಿದು ಗೊತ್ತೇ? ಕಂತು ತೀರದ ಕಾರನ್ನು ಕಂಪನಿ ವಾಪಸ್ ಕರೆದರೆ...

◆ ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಈಚೆಗೆ ಒಬ್ಬರು ಮೊಬೈಲ್ ಹಿಡಿದುಕೊಂಡು ಬೆವರುತ್ತಿದ್ದರು. ಶೇಂಗಾ ವ್ಯಾಪಾರಿ, ಪರಶುರಾಂಪುರದ ಕಡೆಯವರು. ಕಾರು ಕಂಪನಿಯಿಂದ ಇಂಗ್ಲಿಷಿನಲ್ಲಿ ಮೆಸೇಜ್ ಬಂದಿತ್ತು. ನಿಮ್ಮ ವಾಹನ ‘ಸೇಫ್ಟಿ ರೀಕಾಲ್’ ಪಟ್ಟಿಯಲ್ಲಿದೆ, ಹತ್ತಿರದ ಸರ್ವಿಸ್ ಸೆಂಟರಿಗೆ ತನ್ನಿ ಎಂದಿತ್ತು. ಪಕ್ಕದಲ್ಲಿದ್ದ ಹುಡುಗ ಓದಿ ಹೇಳಿದ: “ಕಂಪನಿಯೋರು ಗಾಡಿ ವಾಪಸ್ ಕರೀತಾವ್ರಂತೆ ಮಾಮ.” ಅವರು ಲೋಟ ಕೆಳಗಿಟ್ಟರು. “ಇನ್ನೂ ಇಪ್ಪತ್ತೆರಡು ಕಂತು ಐತಲ್ಲಪ್ಪ! ಕಟ್ಟಿರೋ ದುಡ್ಡು ಯಾರು ಕೊಡ್ತಾರೆ? ನಾನೇನು ನಾಳೆಯಿಂದ ಬಸ್ಸಿಗೆ ನೇತಾಡ್ಲಾ?”

ನಗಬೇಡಿ. ಈ ಗೊಂದಲದಲ್ಲಿ ನಮ್ಮ ಪತ್ರಿಕೆಗಳ ಪಾಲೂ ಇದೆ. ‘ಕಾರು ಹಿಂಪಡೆದ ಕಂಪನಿ’ ಎಂಬ ಶೀರ್ಷಿಕೆ ಓದಿದವರಿಗೆ ಇನ್ನೇನು ಅನಿಸೀತು? ನಾಮಪತ್ರ ಹಿಂಪಡೆದರೆ ಅಭ್ಯರ್ಥಿ ಕಣದಲ್ಲಿ ಇರುವುದಿಲ್ಲ, ಕೇಸು ಹಿಂಪಡೆದರೆ ಕೇಸು ಇರುವುದಿಲ್ಲ. ಕಾರು ಹಿಂಪಡೆದರೆ ಮಾತ್ರ ಕಾರು ಸಾಯಂಕಾಲ ಮನೆ ಮುಂದೆಯೇ ಇರುತ್ತದೆ. ಬಹುಪಾಲು ರೀಕಾಲ್ ಎಂದರೆ ಇಷ್ಟೇ: ತಯಾರಿಕೆಯಲ್ಲೇ ಉಳಿದುಹೋದ ದೋಷವೊಂದು ಗೊತ್ತಾಗಿದೆ, ಗಾಡಿ ತನ್ನಿ, ನೋಡಿ, ಬೇಕಾದರೆ ಆ ಭಾಗ ಬದಲಿಸಿಕೊಡುತ್ತೇವೆ, ದುಡ್ಡು ಬೇಡ.

◆ ಹಾಗಾದರೆ ಕಂಪನಿ ಗಾಡಿಯನ್ನೇ ವಾಪಸ್ ತೆಗೆದುಕೊಂಡು ಹಣ ಕೊಡುವುದು ಇಲ್ಲವೇ ಇಲ್ಲವೇ? ಕಾಯ್ದೆಯಲ್ಲಿ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110-ಎ ಎಂಬ ಕಲಂ ಸೇರಿತು. ಕೇಂದ್ರ ಸರ್ಕಾರವೇ ರೀಕಾಲಿಗೆ ಆದೇಶ ಕೊಟ್ಟರೆ ತಯಾರಕರು ಪೂರ್ತಿ ಹಣ ಹಿಂತಿರುಗಿಸಬೇಕು, ಇಲ್ಲವೇ ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಬೇರೆ ಗಾಡಿ ಕೊಡಬೇಕು, ಇಲ್ಲವೇ ರಿಪೇರಿ ಮಾಡಿಕೊಡಬೇಕು. ಸಾಮಾನ್ಯವಾಗಿ ನಡೆಯುವುದು ಮೂರನೆಯದು.

◆ 2023ರ ಜುಲೈ 24ರಂದು ಮಾರುತಿ ಸುಜುಕಿ 87,599 ಗಾಡಿಗಳನ್ನು ಕರೆಯಿತು. ಎಲ್ಲವೂ ಎಸ್-ಪ್ರೆಸ್ಸೊ ಮತ್ತು ಈಕೊ. 2021ರ ಜುಲೈ 5ರಿಂದ 2023ರ ಫೆಬ್ರುವರಿ 15ರವರೆಗೆ ತಯಾರಾದವು. ಅನುಮಾನ ಇದ್ದದ್ದು ಸ್ಟೀರಿಂಗ್ ಟೈ ರಾಡಿನ ಒಂದು ಭಾಗದ ಮೇಲೆ: ಅಪರೂಪಕ್ಕೆ ಅದು ಮುರಿಯಬಹುದು, ಮುರಿದರೆ ಸ್ಟೀರಿಂಗ್ ಮಾತು ಕೇಳದೆ ಹೋಗಬಹುದು.

ಟೈ ರಾಡ್ ಎಂದರೆ? ಗ್ಯಾರೇಜಿನಲ್ಲಿ ಜಾಕ್ ಏರಿಸಿದಾಗ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಬೆರಳಿಗಿಂತ ದಪ್ಪದ ಒಂದು ಸರಳು ಒಳಗಿನಿಂದ ಬಂದು ಚಕ್ರದ ಮೂಳೆಗೆ ಕೈ ಕೊಟ್ಟಿರುತ್ತದೆ. ತುದಿಯಲ್ಲಿ ಗ್ರೀಸ್ ತುಂಬಿದ ಕಪ್ಪು ರಬ್ಬರ್ ಟೋಪಿ, ಅದರೊಳಗೆ ಗುಂಡು. ಎಡಕ್ಕೊಂದು, ಬಲಕ್ಕೊಂದು. ನೀವು ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಕೊನೆಯ ಕೊಂಡಿ ಅದೇ. ಎತ್ತಿನ ಗಾಡಿ ಹೊಡೆದವರಿಗೆ ಬೇಗ ಅರ್ಥವಾಗುತ್ತದೆ: ಜೋಡೆತ್ತಿನಲ್ಲಿ ಒಂದರ ಮೂಗುದಾರದ ಹಗ್ಗ ಕಿತ್ತರೆ ಏನಾಗುತ್ತದೋ ಅದೇ. ಎತ್ತಾದರೆ ಬೈಗುಳಕ್ಕಾದರೂ ನಿಂತೀತು.

◆ ಈಕೊ ಎಂದರೆ ನಮ್ಮ ಕಡೆ ಬರೀ ಕಾರಲ್ಲ. ಬೆಳಗ್ಗೆ ಸ್ಕೂಲ್ ವ್ಯಾನು, ಮಧ್ಯಾಹ್ನ ಕಿರಾಣಿ ಮಾಲು, ಶ್ರಾವಣದಲ್ಲಿ ಮದುವೆ ದಿಬ್ಬಣ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಬಂದರೆ ಎಷ್ಟು ತಲೆ ಹಿಡಿಯುತ್ತದೋ ಅಷ್ಟು ಜನ. ಅಂಥ ಗಾಡಿಯ ಸ್ಟೀರಿಂಗಿನ ದೋಷ ಒಂದು ಮನೆಯ ವಿಷಯವಾಗಿ ಉಳಿಯುವುದಿಲ್ಲ.

◆ ಚಳ್ಳಕೆರೆಯವರಿಗೆ ನಗು ಬರಿಸುವ ರೀಕಾಲ್ ಒಂದಿದೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿ 1,81,754 ಪೆಟ್ರೋಲ್ ಗಾಡಿಗಳನ್ನು ಕರೆದಿತ್ತು: ಸಿಯಾಜ್, ಎರ್ಟಿಗಾ, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6. ಮೋಟರ್ ಜನರೇಟರ್ ಘಟಕ ಬದಲಿಸುವವರೆಗೆ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹೊಡೆಯಬೇಡಿ ಎಂಬ ಸಲಹೆಯನ್ನೂ ಕೊಟ್ಟಿತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಪೈಕಿ ಒಂದಕ್ಕೆ ‘ನೀರು ನಿಂತ ರಸ್ತೆ’ಯ ಎಚ್ಚರಿಕೆ! “ಅಂಥ ರಸ್ತೆ ಇದ್ರೆ ತೋರ್ಸಿ, ಗಂಗಮ್ಮನ ಪೂಜೆ ಮಾಡಿಸ್ತೀವಿ” ಎನ್ನುವ ಜನ ನಾವು.

ಪೂರ್ತಿ ನಗುವ ಹಾಗೂ ಇಲ್ಲ. ಮರುವರ್ಷವೇ, 2022ರ ಸೆಪ್ಟೆಂಬರಿನಲ್ಲಿ, ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ವೇದಾವತಿ ದಡದ ಹಳ್ಳಿಗಳವರು ಆಗ ನೀರು ನಿಂತ ರಸ್ತೆಯನ್ನಲ್ಲ, ಹರಿಯುವ ರಸ್ತೆಯನ್ನೇ ನೋಡಿದರು.

◆ ರೀಕಾಲ್ ಸಂಖ್ಯೆ ದೊಡ್ಡದಿದ್ದರೆ ಅಷ್ಟೂ ಗಾಡಿ ಕೆಟ್ಟಿವೆ ಎಂದಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ 2,36,966 ಬೈಕುಗಳನ್ನು (ಬುಲೆಟ್, ಕ್ಲಾಸಿಕ್, ಮೀಟಿಯೋರ್) ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಕರೆದಾಗ, ಭಾಗ ಬದಲಿಸಬೇಕಾಗಿ ಬರುವುದು ಶೇ 10ಕ್ಕಿಂತ ಕಡಿಮೆ ಬೈಕುಗಳಿಗೆ ಎಂದು ಕಂಪನಿಯೇ ಅಂದಾಜಿಸಿತ್ತು. ಒಂದು ಚೀಲ ಶೇಂಗಾದಲ್ಲಿ ನಾಲ್ಕು ಕಾಯಿ ಬೂಸ್ಟು ಹಿಡಿದಿದ್ದರೆ ಚೀಲವನ್ನೆಲ್ಲ ಸುರಿದು ಆರಿಸಬೇಕಲ್ಲ, ಹಾಗೆ.

◆ ‘ನಂದು ಚೆನ್ನಾಗೇ ಓಡ್ತೈತೆ’ ಎಂಬ ಉತ್ತರ ರೀಕಾಲಿನ ದೊಡ್ಡ ಶತ್ರು. ಚೆನ್ನಾಗಿ ಓಡುತ್ತಿರುವುದರಿಂದಲೇ ಕರೆಯುತ್ತಾರೆ. ನಿಂತುಹೋದ ಗಾಡಿಯನ್ನು ಕರೆಯಬೇಕಾಗಿಲ್ಲ, ಅದನ್ನು ಎಳೆದುಕೊಂಡು ಹೋಗಬೇಕಾಗುತ್ತದೆ.

◆ ಎರಡು ಬೇರೆ ಬೇರೆ ಕಂಪನಿಗಳು ಒಂದೇ ದೋಷಕ್ಕೆ ಒಟ್ಟೊಟ್ಟಿಗೆ ಗಾಡಿ ಕರೆಯುವುದುಂಟು. 2023ರ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕೆ ಮಾರುತಿ 17,362 ಕಾರು ಕರೆಯಿತು, ಅದರ ಬೆನ್ನಿಗೇ ಟೊಯೊಟಾ 1,390 ಕಾರು ಕರೆಯಿತು. ಗುಟ್ಟೇನು? ಟೊಯೊಟಾ ಗ್ಲಾಂಜಾ ಎಂದರೆ ಬಟ್ಟೆ ಬದಲಿಸಿದ ಮಾರುತಿ ಬಲೆನೊ. ಇನ್ನು ಮಾರುತಿ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾ ಹೈರೈಡರ್ ಎರಡೂ ಹುಟ್ಟುವುದು ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೇ.

ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ಒಂದು ಹದ ಕೆಟ್ಟರೆ ಆ ಹದದಲ್ಲಿ ಅದ್ದಿದ ರೇಷ್ಮೆ ಎಷ್ಟು ಮಗ್ಗಕ್ಕೆ ಹೋಯಿತೋ ಅಷ್ಟೂ ಮಗ್ಗದ ಸೀರೆ ಸಂಶಯಕ್ಕೆ ಬರುತ್ತದೆ. ಸೆರಗಿನ ವಿನ್ಯಾಸ ಬೇರೆ, ಅಂಚು ಬೇರೆ, ಮಾರುವ ಅಂಗಡಿ ಬೇರೆ, ಎಳೆ ಒಂದೇ. ಕಾರಿನಲ್ಲಿ ಆ ಎಳೆಯ ಹೆಸರು ಬಿಡಿಭಾಗ.

◆ ಅದೇ ಬಿಡದಿಯ ಜೋಡಿ 2025ರ ನವೆಂಬರಿನಲ್ಲಿ ಮತ್ತೆ ಸುದ್ದಿಗೆ ಬಂತು. 39,506 ಗ್ರ್ಯಾಂಡ್ ವಿಟಾರಾ, 11,529 ಹೈರೈಡರ್. ಎರಡೂ 2024ರ ಡಿಸೆಂಬರ್ 9ರಿಂದ 2025ರ ಏಪ್ರಿಲ್ 29ರ ನಡುವೆ ತಯಾರಾದವು. ದೋಷ: ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ತೋರಿಸುವ ಮುಳ್ಳು ಮತ್ತು ‘ಮುಗಿಯುತ್ತಾ ಬಂತು’ ಎಂದು ಎಚ್ಚರಿಸುವ ದೀಪ ಸುಳ್ಳು ಹೇಳಬಹುದು. ಬೆಂಗಳೂರಿನಲ್ಲಿ ಇದು ಸಣ್ಣ ವಿಷಯ, ತಿರುವಿಗೊಂದು ಬಂಕ್ ಇದೆ. ರಾತ್ರಿ ಹನ್ನೊಂದಕ್ಕೆ ತಳಕು ದಾಟಿ ಬಳ್ಳಾರಿ ಕಡೆ ಮುಖ ಮಾಡಿದವರಿಗೆ ಹಾಗಲ್ಲ. ಎರಡೂ ಬದಿ ಬಯಲು, ದೂರದಲ್ಲಿ ಗಾಳಿಯಂತ್ರದ ಕೆಂಪು ದೀಪ ಮಿಣುಕುವುದು ಬಿಟ್ಟರೆ ಮನುಷ್ಯನ ಸುಳಿವಿಲ್ಲ.

◆ ಬಿಡದಿಯ ಇನ್ನೊಂದು ಮಗು ಇನ್ನೋವಾ. 2014ರ ಏಪ್ರಿಲ್ 9ರಂದು ಟೊಯೊಟಾ ಜಗತ್ತಿನಾದ್ಯಂತ ಸುಮಾರು 64 ಲಕ್ಷ ಗಾಡಿಗಳನ್ನು ಕರೆದಾಗ ಭಾರತದಲ್ಲಿ 44,989 ಇನ್ನೋವಾಗಳ ಸರದಿಯೂ ಬಂತು. 2005ರಿಂದ 2008ರವರೆಗಿನವು. ಸ್ಟೀರಿಂಗಿನೊಳಗೆ ಸುರುಳಿ ಸುತ್ತಿದ ತಂತಿಯೊಂದಿದೆ. ಸ್ಟೀರಿಂಗ್ ತಿರುಗಿದಂತೆ ಅದೂ ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇರುತ್ತದೆ. ಅದು ಸವೆದರೆ ಚಾಲಕನ ಏರ್‌ಬ್ಯಾಗಿಗೆ ಸಂಪರ್ಕ ತಪ್ಪಬಹುದು. ಕರೆ ಬಂದಾಗ ಆ ಗಾಡಿಗಳಿಗೆ ಐದರಿಂದ ಒಂಬತ್ತು ವರ್ಷ. ಅಷ್ಟರಲ್ಲಿ ಎಷ್ಟು ಇನ್ನೋವಾಗಳು ಸಾಹುಕಾರರ ಮನೆ ಬಿಟ್ಟು ಟ್ಯಾಕ್ಸಿ ಸ್ಟ್ಯಾಂಡ್ ಸೇರಿದ್ದವು, ಊಹಿಸಿಕೊಳ್ಳಿ.

◆ ಟವೇರಾ ನೆನಪಿದೆಯೇ? ತಿರುಪತಿಗೆ, ಮಂತ್ರಾಲಯಕ್ಕೆ ನಮ್ಮವರನ್ನು ಹೊತ್ತು ಸವೆದ ಷೆವರ್ಲೆ ಟವೇರಾ. 2013ರ ಜುಲೈನಲ್ಲಿ ಜನರಲ್ ಮೋಟಾರ್ಸ್ 1.14 ಲಕ್ಷ ಟವೇರಾಗಳನ್ನು ಕರೆಯಿತು. ಕಾರಣ ಹೊಗೆ: ಮಾಲಿನ್ಯದ ಮಾನದಂಡಕ್ಕೆ ಗಾಡಿಗಳು ಹೊಂದುತ್ತಿರಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ಇದನ್ನು ಕಂಪನಿಯ ವಂಚನೆ ಎಂದೇ ಕರೆಯಿತು. 2017ರಲ್ಲಿ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು.

ಅದೇ 2013ರಲ್ಲಿ 1,66,021 ಫಿಗೊ ಮತ್ತು ಕ್ಲಾಸಿಕ್ ಕಾರುಗಳನ್ನು ಪರೀಕ್ಷೆಗೆ ಕರೆದಿದ್ದ ಫೋರ್ಡ್, 2021ರಲ್ಲಿ ಇಲ್ಲಿ ಕಾರು ಮಾಡುವುದು ಬಿಡುತ್ತೇನೆಂದು ಘೋಷಿಸಿತು. ಕರೆಯುವವರೇ ಅಂಗಡಿ ಮುಚ್ಚಿದರೆ ಎಂಬುದು ಹಳೇ ಗಾಡಿ ಕೊಳ್ಳುವವರು ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

◆ 2010ರಲ್ಲಿ ನ್ಯಾನೊ ಕಾರುಗಳಿಗೆ ಬೆಂಕಿ ಹತ್ತಿದ ಕೆಲವು ಪ್ರಕರಣಗಳಾದ ಮೇಲೆ ಟಾಟಾ ಮೋಟಾರ್ಸ್ ಎಲ್ಲ ನ್ಯಾನೊಗಳಿಗೂ ಉಚಿತವಾಗಿ ಹೆಚ್ಚುವರಿ ರಕ್ಷಣೆ ಜೋಡಿಸಿಕೊಡುತ್ತೇವೆ ಎಂದಿತು. ಇದು ರೀಕಾಲ್ ಅಲ್ಲ ಎಂದೂ ಒತ್ತಿ ಹೇಳಿತು. ಆ ಪದಕ್ಕೆ ಕಂಪನಿಗಳೂ ನಮ್ಮ ಶೇಂಗಾ ವ್ಯಾಪಾರಿಯಷ್ಟೇ ಹೆದರುತ್ತಿದ್ದವು.

◆ ಭಾರತದಲ್ಲಿ ರೀಕಾಲಿಗೆ ನಿಯಮ ಬಂದದ್ದು ಯಾವಾಗ? 2012ರ ಜುಲೈನಲ್ಲಿ ವಾಹನ ತಯಾರಕರ ಒಕ್ಕೂಟ ‘ಸಿಯಾಮ್’ ತಾನಾಗಿಯೇ ಒಂದು ಸಂಹಿತೆ ಮಾಡಿಕೊಂಡಿತು. ಅದು ಮನಸ್ಸಿದ್ದರೆ ಮಾರ್ಗ ಎಂಬಂಥದ್ದು. ದಂಡವಿರುವ ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಂದು. ಅಮೆರಿಕದಲ್ಲಿ ಇಂಥ ಸುರಕ್ಷತಾ ಕಾಯ್ದೆ ಆದದ್ದು 1966ರಲ್ಲಿ. ಲೆಕ್ಕ ಹಾಕಿ: ಐವತ್ತೈದು ವರ್ಷ.

◆ ದಂಡ ಎಷ್ಟು? 10 ಲಕ್ಷದಿಂದ 1 ಕೋಟಿ ರೂಪಾಯಿ. ಒಂದು ಲಕ್ಷಕ್ಕಿಂತ ಹೆಚ್ಚು ಕಾರುಗಳನ್ನು ಸರ್ಕಾರದ ಆದೇಶದ ಮೇಲೆ ಕರೆಸಬೇಕಾಗಿ ಬಂದರೆ ಪೂರ್ತಿ ಒಂದು ಕೋಟಿ. ಕೇಳುವುದಕ್ಕೆ ದೊಡ್ಡದು. ಭಾಗಿಸಿ ನೋಡಿದರೆ ಕಾರಿಗೆ ನೂರು ರೂಪಾಯಿಯೂ ಬೀಳುವುದಿಲ್ಲ. ನಮ್ಮ ಸಂತೆಯಲ್ಲಿ ಎರಡು ಪ್ಲೇಟು ಮಂಡಕ್ಕಿ ಮೆಣಸಿನಕಾಯಿಗೆ ಆಗುವಷ್ಟು. ಕಂಪನಿ ತಾನೇ ಮುಂದೆ ಬಂದು ಕರೆದರೆ ಅದೂ ಇಲ್ಲ. ಪತ್ರಿಕಾ ಪ್ರಕಟಣೆಗಳಲ್ಲಿ ‘ಸ್ವಯಂಪ್ರೇರಿತವಾಗಿ’ ಎಂಬ ಪದ ಯಾಕೆ ಅಷ್ಟು ಎದ್ದು ಕಾಣುತ್ತದೆ ಎಂದು ಈಗ ಗೊತ್ತಾಗಿರಬೇಕು.

◆ ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ. ಇಲ್ಲೇ ನನ್ನ ತಕರಾರು. ಬೆಂಗಳೂರಿನಲ್ಲಿ ಏಳು ವರ್ಷದ ಕಾರು ಎಂದರೆ ಮುದಿ. ನಮ್ಮ ಕಡೆ ಅದು ಎರಡನೇ ಮಾಲೀಕನ ಕೈಗೆ ಬಂದು, ಹೊಸದಾಗಿ ನಿಂಬೆಹಣ್ಣು ತುಳಿದು, ಗಾಜಿನ ಮೇಲೆ ಮನೆದೇವರ ಹೆಸರು ಬರೆಸಿಕೊಂಡು ಸಂಸಾರ ಶುರು ಮಾಡುವ ವಯಸ್ಸು. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಶೋರೂಮಿನಿಂದ ಹೊರಬಂದ ಗಾಡಿ, ಸಂತೆಪೇಟೆಯಲ್ಲಿ ಕೈ ಬದಲಾದ ಗಾಡಿಯಲ್ಲ.

◆ ಸರ್ಕಾರ ಆದೇಶ ಕೊಡಲು ಏನು ಕಾರಣ ಬೇಕು? ಮಾಲೀಕರ ದೂರುಗಳೂ ಒಂದು ಕಾರಣ. ಒಂದೇ ಮಾದರಿಯ ಮೇಲೆ ಒಂದೇ ತರಹದ ದೂರು ನಿಗದಿತ ಸಂಖ್ಯೆ ಮುಟ್ಟಿದರೆ ತನಿಖೆ ಶುರುವಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದಲ್ಲಿ ಅದಕ್ಕೆಂದೇ ಒಂದು ಪುಟವಿದೆ. ನಾವು ಮಾಡುವುದೇನು? ಟೀ ಅಂಗಡಿಯಲ್ಲಿ ಬೈಯುತ್ತೇವೆ. ಟೀ ಅಂಗಡಿಯ ಬೈಗುಳ ಲೆಕ್ಕಕ್ಕೆ ಬರುವುದಿಲ್ಲ.

◆ ನಿಮ್ಮ ಗಾಡಿಯ ನಿಜವಾದ ಹೆಸರು ಕೆಎ 16ರಿಂದ ಶುರುವಾಗುವ ನಂಬರ್ ಅಲ್ಲ. ಅದು ಚಿತ್ರದುರ್ಗ ಆರ್‌ಟಿಒ ಇಟ್ಟ ಹೆಸರು, ಬದಲಾಗಬಹುದು. ಕಂಪನಿಗೆ ಗೊತ್ತಿರುವುದು ಚಾಸಿ ನಂಬರ್: ಹದಿನೇಳು ಅಕ್ಷರ ಮತ್ತು ಅಂಕಿಗಳ ಸಾಲು. ಅದರಲ್ಲಿ ಮೂರು ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ: ಐ, ಓ ಮತ್ತು ಕ್ಯೂ. ಐ ಬರೆದರೆ ಒಂದು ಎಂದು ಓದುತ್ತಾರೆ, ಓ ಮತ್ತು ಕ್ಯೂ ಬರೆದರೆ ಸೊನ್ನೆ ಎಂದು ಓದುತ್ತಾರೆ, ಅದಕ್ಕೆ. ಭಾರತದಲ್ಲಿ ಹುಟ್ಟಿದ ಕಾರಾದರೆ ಮೊದಲಕ್ಷರ ಸಾಮಾನ್ಯವಾಗಿ ‘ಎಂ’. ಆರ್‌ಸಿಯಲ್ಲಿ ಇರುತ್ತದೆ, ಗಾಡಿಯ ಲೋಹದ ಮೇಲೂ ಕೆತ್ತಿರುತ್ತದೆ.

◆ ಆರ್‌ಟಿಒ ಕಚೇರಿಯ ಹೊರಗೆ ಚಾಸಿ ನಂಬರ್ ‘ಪ್ರಿಂಟ್’ ತೆಗೆಯುವುದನ್ನು ನೋಡಿದ್ದೀರಾ? ಕೆತ್ತಿದ ಅಕ್ಷರಗಳ ಮೇಲೆ ತೆಳು ಕಾಗದ ಇಟ್ಟು, ಅದರ ಮೇಲೆ ಪೆನ್ಸಿಲ್ ಅಡ್ಡಲಾಗಿ ಉಜ್ಜುತ್ತಾರೆ. ಕಪ್ಪಿನ ನಡುವೆ ಬೆಳ್ಳಗೆ ನಂಬರ್ ಮೂಡುತ್ತದೆ. ಇದೇ ಕಲೆಯ ಅಣ್ಣನನ್ನು ಶಾಸನ ತಜ್ಞರು ನಮ್ಮ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಪ್ರಯೋಗಿಸಿದ್ದಾರೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಬಂಡೆಗೆ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ತೆಗೆಯುವ ಅಚ್ಚಿನಲ್ಲೂ ಅಕ್ಷರ ಬೆಳ್ಳಗೆ, ಸುತ್ತ ಕಪ್ಪು.

ಇನ್ನೊಂದು ಸ್ವಾರಸ್ಯವಿದೆ. ಆ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದ. ಇಪ್ಪತ್ತೆರಡು ಶತಮಾನಗಳ ಹಿಂದೆಯೇ, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಈ ತಾಲ್ಲೂಕಿನ ಕಲ್ಲಿನ ಮೇಲೆ ದಾಖಲಾಗಿದೆ. ಅವನ ಕಾಲದಲ್ಲಿ ರೀಕಾಲ್ ಇರಲಿಲ್ಲ ಎನ್ನುವುದು ಬೇರೆ ಮಾತು, ಬಂಡೆಯನ್ನು ವಾಪಸ್ ಕರೆಸುವುದು ಹೇಗೆ?

◆ ರೀಕಾಲ್ ಪತ್ರ ಬರುವುದು ಗಾಡಿಗಲ್ಲ, ವಿಳಾಸಕ್ಕೆ. ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ನಾನು ಬೆಂಗಳೂರಿನ ದೊಡ್ಡಪ್ಪನ ಮಗನಿಂದ ಒಂದು ಕಾರು ಕೊಂಡೆ. ನೆಂಟರ ವ್ಯವಹಾರ, ‘ಹೆಸರು ಆಮೇಲೆ ಬದಲಿಸಿಕೊಂಡರಾಯಿತು’ ಎಂಬ ಧೈರ್ಯ. ಕಂಪನಿ (ಯಾವುದೆಂಬುದು ಇಲ್ಲಿ ಬೇಡ) ಆ ಮಾದರಿಯ ಇಂಧನ ಪಂಪು ಬದಲಿಸಲು ಕರೆಯಿತು. ಪತ್ರ ಅಣ್ಣ ಬಿಟ್ಟು ಎರಡು ವರ್ಷವಾಗಿದ್ದ ಬಾಡಿಗೆ ಮನೆಗೆ ಹೋಯಿತು, ಮೆಸೇಜ್ ಅವನ ಹಳೇ ಸಿಮ್ಮಿಗೆ. ಹೊಸ ಬಾಡಿಗೆದಾರರು ಪತ್ರವನ್ನು ಏನು ಮಾಡಿದರೋ ಶಿವನೇ ಬಲ್ಲ. ನಾನು ಮಾತ್ರ ಅದೇ ಪಂಪಿನ ಮೇಲೆ ಭಾರ ಹಾಕಿ ಹಿರಿಯೂರು, ತುಮಕೂರು ಎಂದು ಓಡಾಡುತ್ತಿದ್ದೆ.

ಗೊತ್ತಾದದ್ದು ಹೇಗೆ? ಒಂದು ಭಾನುವಾರ ಬೇಸರಕ್ಕೆ ಕಂಪನಿಯ ಜಾಲತಾಣದಲ್ಲಿ ಚಾಸಿ ನಂಬರ್ ಹಾಕಿದೆ. ಕೆಂಪಕ್ಷರದಲ್ಲಿ ಉತ್ತರ ಬಂತು. ಮರುದಿನ ಚಿತ್ರದುರ್ಗಕ್ಕೆ ಹೋದೆ. ಹಿಂದಿನ ಸೀಟು ಎತ್ತಿ, ಅದರ ಕೆಳಗಿನ ದುಂಡು ಮುಚ್ಚಳ ಬಿಚ್ಚಿ, ಪೆಟ್ರೋಲ್ ವಾಸನೆ ಗಪ್ಪನೆ ಮುಖಕ್ಕೆ ಹೊಡೆದು, ಲೋಟದಷ್ಟು ಗಾತ್ರದ ಹಳೇ ಪಂಪು ಹೊರಗೆ ಬಂತು. ಎರಡು ಗಂಟೆಯ ಕೆಲಸ. ಕೊನೆಗೆ ಕೈಗಿಟ್ಟ ಬಿಲ್ಲಿನಲ್ಲಿ ಮೊತ್ತದ ಜಾಗದಲ್ಲಿ ಸೊನ್ನೆ. ಸರ್ವಿಸ್ ಸೆಂಟರಿನ ಅಂಥ ಬಿಲ್ಲನ್ನು ನಾನು ಮೊದಲ ಬಾರಿ ಕಂಡದ್ದು, ಇನ್ನೂ ಇಟ್ಟುಕೊಂಡಿದ್ದೇನೆ.

◆ ಗಾಡಿ ಮಾರಿದವರು ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ ಕಾಯ್ದೆ. ಫಾರಂ 29, ಫಾರಂ 30. ನಮ್ಮಲ್ಲಿ ನಡೆಯುವುದು ‘ಓಪನ್ ಫಾರಂ’: ಸಹಿ ಹಾಕಿದ ಖಾಲಿ ಕಾಗದ ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟುಕೊಂಡು ಮೂರು ಕೈ ದಾಟುತ್ತದೆ. ರೀಕಾಲ್ ಪತ್ರ ಆಗ ಮೊದಲ ಕೈಯನ್ನೇ ಹುಡುಕುತ್ತದೆ.

◆ ಮೊಳಕಾಲ್ಮುರಿನವರಿಗೆ ಇನ್ನೊಂದು ತೊಡಕು. ಕೂಗಳತೆಯಲ್ಲಿ ಆಂಧ್ರದ ರಾಯದುರ್ಗ. ಮಾತು ಎರಡು, ನೆಂಟಸ್ತಿಕೆ ಒಂದೇ, ಗಾಡಿಗಳ ನಂಬರ್ ಪ್ಲೇಟೂ ಎರಡು ತರಹ. ಆಂಧ್ರ ನಂಬರಿನ ಕಾರನ್ನು ಕರ್ನಾಟಕದಲ್ಲಿ ತೋರಿಸಬಹುದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ. ರೀಕಾಲ್ ಕೆಲಸಕ್ಕೆ ರಾಜ್ಯದ ಗಡಿ ಇಲ್ಲ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಆಗಿದ್ದರೆ ಸಾಕು. ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರವಾದರೆ ಅಲ್ಲಿಗೇ ಹೋಗಿ.

◆ ಪಂಪು ಉಚಿತ, ಪ್ರಯಾಣ? ಇಲ್ಲಿಂದ ದುರ್ಗಕ್ಕೋ ಬಳ್ಳಾರಿಗೋ ಹೋಗಿಬರುವ ಪೆಟ್ರೋಲು, ಒಂದು ದಿನದ ಬಾಡಿಗೆ ನಷ್ಟ, ಮಧ್ಯಾಹ್ನದ ಊಟ ಮಾಲೀಕನದೇ. ಯೆಲ್ಲೋ ಬೋರ್ಡಿನ ಚಾಲಕರು ಕರೆ ಬಂದರೂ ಮುಂದೂಡುವುದು ಇದಕ್ಕೇ, ಉಡಾಫೆಯಿಂದಲ್ಲ.

◆ ‘ಊರಿನ ಮೇಸ್ತ್ರಿ ಹತ್ರಾನೇ ಟೈಟ್ ಮಾಡಿಸ್ತೀನಿ ಬಿಡಿ’ ಎನ್ನುವವರಿಗೆ: ನಮ್ಮ ಗ್ಯಾರೇಜಿನವರ ಕೈಚಳಕದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ರೀಕಾಲ್ ಭಾಗ ಸಡಿಲಾಗಿರುವುದಿಲ್ಲ, ಹುಟ್ಟಿನಿಂದಲೇ ಕುಂದಿರುತ್ತದೆ. ಸ್ಪ್ಯಾನರಿಗೆ ಅದು ಕಾಣಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ಹೊಸ ಭಾಗವೂ ಅದೇ ಕೆಟ್ಟ ಕಂತಿನದ್ದಾಗಿರಬಹುದು. 2024ರಲ್ಲಿ ಹೋಂಡಾ ಇಂಧನ ಪಂಪಿಗಾಗಿ 90,468 ಕಾರು ಕರೆದಾಗ, ಬಿಡಿಭಾಗವಾಗಿ ಆ ಪಂಪನ್ನು ಹಾಕಿಸಿಕೊಂಡಿದ್ದ 2,204 ಕಾರುಗಳನ್ನೂ ಲೆಕ್ಕಕ್ಕೆ ಸೇರಿಸಿತ್ತು.

◆ ಜಗತ್ತಿನ ಅತಿ ದೊಡ್ಡ ರೀಕಾಲ್ ಯಾವುದು? ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳದ್ದು. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಏರ್‌ಬ್ಯಾಗು. ಅಪಘಾತವಾದ ಕ್ಷಣದಲ್ಲಿ ಚೀಲ ಉಬ್ಬಲು ಅನಿಲ ಬೇಕು. ಅದಕ್ಕಾಗಿ ಲೋಹದ ಡಬ್ಬಿಯೊಳಗೆ ಅಮೋನಿಯಂ ನೈಟ್ರೇಟಿನ ಬಿಲ್ಲೆ ಇಟ್ಟಿದ್ದರು. ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವುದಕ್ಕೆ ಬಳಸುತ್ತಾರಲ್ಲ, ಅದೇ ವಸ್ತು. ವರ್ಷಗಟ್ಟಲೆ ಬಿಸಿ ಮತ್ತು ತೇವ ಕುಡಿದ ಬಿಲ್ಲೆ ಒಳಗೊಳಗೇ ಪುಡಿಯಾಗುತ್ತದೆ, ಹೊತ್ತಿದಾಗ ಅಳತೆ ಮೀರಿ ಉರಿಯುತ್ತದೆ, ಡಬ್ಬಿಯೇ ಸಿಡಿದು ಚೂರುಗಳು ಮುಖಕ್ಕೆ ಬಡಿಯುತ್ತವೆ. ಜೀವ ಉಳಿಸಬೇಕಾದ್ದೇ ಜೀವ ತೆಗೆದ ಪ್ರಕರಣಗಳಾದವು. 2017ರ ಜೂನಿನಲ್ಲಿ ತಕಾಟಾ ದಿವಾಳಿ ಅರ್ಜಿ ಹಾಕಿತು.

ಬರೀ ಬಿಸಿಲಿಗಿಂತ ತೇವ ಕೂಡಿದ ಬಿಸಿಯೇ ಹೆಚ್ಚು ಕೇಡು. ಅಮೆರಿಕದಲ್ಲೂ ಫ್ಲಾರಿಡಾದಂಥ ಕರಾವಳಿ ರಾಜ್ಯಗಳಿಗೆ ಮೊದಲ ಸರದಿ ಕೊಟ್ಟಿದ್ದರು. ಚಳ್ಳಕೆರೆಯ ಒಣ ಬಿಸಿಲಿಗೆ ಒಮ್ಮೆಯಾದರೂ ಒಳ್ಳೆಯ ಮಾತು ಹೇಳುವ ಅವಕಾಶ ಸಿಕ್ಕಿತು.

◆ ಸ್ಕ್ರೂಡ್ರೈವರ್ ಮುಟ್ಟದೆಯೇ ಮುಗಿಯುವ ರೀಕಾಲ್‌ಗಳೂ ಇವೆ. 2022ರ ಅಕ್ಟೋಬರಿನಲ್ಲಿ ಕಿಯಾ 44,174 ಕಾರೆನ್ಸ್ ಕಾರುಗಳನ್ನು ಕರೆದದ್ದು ಏರ್‌ಬ್ಯಾಗ್ ಕಂಟ್ರೋಲರಿನ ಸಾಫ್ಟ್‌ವೇರ್ ಪರಿಶೀಲನೆಗೆ. 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟೆಸ್ಲಾ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ‘ಕರೆಯಿತು’. ಒಂದೂ ಮನೆ ಬಿಟ್ಟು ಕದಲಲಿಲ್ಲ. ಮೊಬೈಲ್ ಅಪ್‌ಡೇಟ್ ಆಗುವ ಹಾಗೆ ರಾತ್ರಿ ನಿಂತಲ್ಲೇ ಸರಿಹೋಯಿತು.

◆ 2021ರ ಜುಲೈನಲ್ಲಿ ಮಹೀಂದ್ರಾ ತನ್ನ ನಾಸಿಕ್ ಕಾರ್ಖಾನೆಯಿಂದ ಹೊರಟ ಸುಮಾರು 600 ಡೀಸೆಲ್ ಗಾಡಿಗಳ ಎಂಜಿನ್ ಪರಿಶೀಲಿಸಬೇಕಾಯಿತು. ಕಾರಣ? ಕಾರ್ಖಾನೆಗೇ ಕಲುಷಿತ ಡೀಸೆಲ್ ಬಂದಿತ್ತು. ಬಂಕಿನವರ ಮೇಲೆ ಸದಾ ಅನುಮಾನ ಪಡುವ ನಮಗೆ ಇದೊಂದು ಸಮಾಧಾನ.

◆ ಎಲೆಕ್ಟ್ರಿಕ್ ಸ್ಕೂಟರುಗಳ ಸರದಿ 2022ರ ಬೇಸಿಗೆಯಲ್ಲಿ ಬಂತು. ಪುಣೆಯೂ ಸೇರಿ ಕೆಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಓಲಾ ಎಲೆಕ್ಟ್ರಿಕ್ 1,441, ಓಕಿನಾವಾ 3,215 ಸ್ಕೂಟರುಗಳನ್ನು ಪರೀಕ್ಷೆಗೆ ಕರೆದವು.

◆ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಡಿಆರ್‌ಡಿಒದ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ರಾಕೆಟ್ ವಿಮಾನವನ್ನು ಅಲ್ಲಿ ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನಾಗಿಯೇ ಓಡುಹಾದಿಗೆ ಇಳಿಯುವಂತೆ ಮಾಡಿತು. 2024ರ ಮಾರ್ಚ್ ಮತ್ತು ಜೂನಿನಲ್ಲಿ ‘ಪುಷ್ಪಕ್’ ಎಂದು ಹೆಸರಾದ ಆ ವಿಮಾನ ಇನ್ನೂ ಕಷ್ಟದ ಪರೀಕ್ಷೆಗಳಲ್ಲಿ ಇಳಿಯಿತು. ಬೇಕೆಂದೇ ಓಡುಹಾದಿಯ ನೇರಕ್ಕಲ್ಲದೆ ಓರೆಯಾಗಿ ಬಿಟ್ಟು ನೋಡಿದರು. ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿ.ಮೀ.ಗೂ ಹೆಚ್ಚು. ಪ್ಯಾರಾಚೂಟ್ ಬಿಚ್ಚಿ ಅದನ್ನು ನೂರರ ಆಸುಪಾಸಿಗೆ ತಂದು, ಆಮೇಲೆ ಬ್ರೇಕು. ತಪ್ಪು ಬೇಲಿಯೊಳಗೇ ಕಾಣಿಸಿಕೊಳ್ಳಲಿ ಎಂದು ಇಷ್ಟೆಲ್ಲ. ಬೇಲಿಯ ಈಚೆಗಿನ ಹೆದ್ದಾರಿಯಲ್ಲಿ ಓಡುವ ಕಾರುಗಳ ಕೆಲವು ತಪ್ಪು ಮಾತ್ರ ನಾವು ಓಡಿಸಿದ ಮೇಲೆಯೇ ಕಾಣಿಸುತ್ತವೆ.

◆ ರೀಕಾಲ್ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳಿದರೆ, ‘ಬುಕಿಂಗ್ ಶುಲ್ಕ’ ಕೇಳಿದರೆ ಅದು ಕಂಪನಿಯಲ್ಲ, ಕಳ್ಳ. ಇಟ್ಟುಬಿಡಿ. ಹಾಗೆಂದು ಎಲ್ಲ ಮೆಸೇಜೂ ಮೋಸವೆಂದು ಅಳಿಸಿ ಹಾಕಬೇಡಿ. ಬಂದ ಲಿಂಕ್ ಒತ್ತದೆ, ಕಂಪನಿಯ ಜಾಲತಾಣಕ್ಕೆ ನೀವೇ ಹೋಗಿ ಚಾಸಿ ನಂಬರ್ ಹಾಕಿದರೆ ಸತ್ಯ ಗೊತ್ತಾಗುತ್ತದೆ.

◆ ಸರ್ವಿಸ್ ಸೆಂಟರ್ ಸತಾಯಿಸಿದರೆ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಚಿತ್ರದುರ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, 50 ಲಕ್ಷದವರೆಗಿನ ದೂರನ್ನು ಜಿಲ್ಲೆಯಲ್ಲೇ ಕೇಳುತ್ತಾರೆ. ದೊಡ್ಡ ಕಂಪನಿಯ ಎದುರು ನಿಂತು ಗೆಲ್ಲಲಾದೀತೇ ಎಂಬ ಅಳುಕಿದ್ದರೆ 2022ರ ಏಪ್ರಿಲ್ 20ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿರಲಿ: ಅಪಘಾತದಲ್ಲಿ ಕ್ರೆಟಾದ ಏರ್‌ಬ್ಯಾಗ್ ತೆರೆಯಲಿಲ್ಲ ಎಂದು ದೂರಿದ್ದ ಮಾಲೀಕನ ಪರವಾಗಿಯೇ ನ್ಯಾಯಾಲಯ ನಿಂತಿತು. ಡಿಕ್ಕಿಯ ಬಲ ಎಷ್ಟಿತ್ತು ಎಂದು ಗ್ರಾಹಕ ಭೌತಶಾಸ್ತ್ರದ ಪಂಡಿತನಂತೆ ಲೆಕ್ಕ ಹಾಕಿಕೊಂಡು ಕಾರು ಕೊಳ್ಳುವುದಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ.

◆ ಇನ್ನು ಆ ಶೇಂಗಾ ವ್ಯಾಪಾರಿ. ಗಾಡಿ ಕೊಟ್ಟುಬರುವುದಲ್ಲ, ತೋರಿಸಿಕೊಂಡು ಬರುವುದು ಎಂದು ಗೊತ್ತಾದ ಮೇಲೆ ಅವರು ಇನ್ನೊಂದು ಟೀ ಹೇಳಿದರು. ನಂಬರ್ ಪಟ್ಟಿಯಲ್ಲಿ ನಿಜವಾಗಿ ಇದೆಯೇ ನೋಡೋಣ ಎಂದು ಹುಡುಗ ಕಂಪನಿಯ ಪುಟ ತೆರೆದ. ಆರ್‌ಸಿ ಮನೆಯಲ್ಲಿತ್ತು. ಇಬ್ಬರೂ ಕಾರಿನ ಬಾಗಿಲು ತೆಗೆದು, ಮ್ಯಾಟ್ ಎತ್ತಿ, ಕೆಂಪು ದೂಳನ್ನು ಹೆಬ್ಬೆರಳಿನಿಂದ ಒರೆಸಿ, ಟಾರ್ಚ್ ಹಾಕಿ ಬಗ್ಗಿದರು. ಮ್ಯಾಕ್ಸಿ ಕ್ಯಾಬಿನ ಇಬ್ಬರು ಚಾಲಕರೂ ತಮ್ಮ ಗಾಡಿ ಬಿಟ್ಟು ಬಂದು ಹಿಂದೆ ನಿಂತರು. ಹುಡುಗ ಒಂದೊಂದೇ ಅಕ್ಷರ ಕೂಗುತ್ತ ಹೋದ, ಮಾಮ ಒತ್ತುತ್ತ ಹೋದರು. ನಡುವೆ ಒಂದು ಕಡೆ ಅವರ ಬೆರಳು ನಿಂತಿತು.

“ಲೇ, ಇದು ಓ ನೋ ಸೊನ್ನೆನೋ?”

“ಸೊನ್ನೆ ಒತ್ತು ಮಾಮ. ಇದ್ರಾಗೆ ಓ ಇರಾದಿಲ್ಲ.”